ಬಾಲದ ಹುಳುವಿನ ಮನೆತನ

ಈಗ ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನ್ನನ್ನು ಕಂಡಾಗ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾರೆ: ಯಂತ್ರಗಳೇ ಇಲ್ಲದೆ ನೀವು ಹೇಗೆ ಕೆಲಸ ಮಾಡಿದಿರಿ? ಯಂತ್ರ ಇರಲಿಲ್ಲ ಎಂದೇನಿಲ್ಲ. ಒಂದು ಸೂಕ್ಷ್ಮದರ್ಶಕ ಇತ್ತು. ಒಂದೇ ಕಣ್ಣಿನಿಂದ ನೋಡುವಂಥದ್ದು. ಬುಡದಲ್ಲಿ ಒಂದು ದುಂಡು ಕನ್ನಡಿ. ಕಿಟಕಿಯಿಂದ ಬಂದ ಬೆಳಕನ್ನು ಆ ಕನ್ನಡಿಗೆ ಹಿಡಿದು ಗಾಜಿನ ಪಟ್ಟಿಯ ಮೇಲೆ ಬೀಳಿಸಬೇಕು. ಮೋಡ ಕವಿದರೆ ಕೆಲಸ ನಿಲ್ಲುತ್ತಿತ್ತು. ಮಧ್ಯಾಹ್ನ ನಾಲ್ಕಕ್ಕೆ ಸೂರ್ಯ ಬೇವಿನ ಮರದ ಹಿಂದೆ ಹೋಗುತ್ತಿದ್ದುದರಿಂದ ಕ್ಷಯರೋಗಿಗಳ ಕಫವನ್ನೆಲ್ಲ ಬೆಳಗ್ಗೆಯೇ ನೋಡಿ ಮುಗಿಸುತ್ತಿದ್ದೆ. ಉಳಿದದ್ದು ಮಲೇರಿಯಾದ ರಕ್ತ, ಮೂತ್ರ, ಮಲ. ಅಥಣಿ, ರಾಯಬಾಗ, ಚಿಕ್ಕೋಡಿ, ಹೀಗೆ ತಾಲೂಕು ಬದಲಾದರೂ ಬಾಟಲಿಯೊಳಗಿನದು ಬದಲಾಗಲಿಲ್ಲ. ಬಡ್ತಿ ಯಾವಾಗ ಬಂತೆಂಬುದು ಪೆನ್ಶನ್ ಕಾಗದದಲ್ಲಿದೆ. ಅದು ಇಲ್ಲಿ ಬೇಡ.

ನಮ್ಮ ಕೆಲಸದಲ್ಲಿ ಕಣ್ಣಿನಷ್ಟೇ ಮುಖ್ಯವಾದದ್ದು ಕೈ. ಅಂದರೆ ಕಂಡದ್ದನ್ನು ಯಾವ ಪದದಲ್ಲಿ ಬರೆಯುತ್ತೇವೆ ಎನ್ನುವುದು. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಎರಡು ತಪ್ಪು ಮಾಡಿ ಕಲಿತೆ.

ಮೊದಲನೆಯದು ಸಣ್ಣದು. ಸೇರಿದ ವರ್ಷ ಅಥಣಿ ತಾಲೂಕಿನ ಒಂದು ದವಾಖಾನೆಯಲ್ಲಿದ್ದೆ. ತೆಲಸಂಗದ ಕಡೆಯಿಂದ ಒಬ್ಬ ಮುದುಕರು ಹೊಟ್ಟೆನೋವೆಂದು ಬಂದರು. ಅವರ ಮಲದಲ್ಲಿ ದಪ್ಪ ಸಿಪ್ಪೆಯ ದುಂಡನೆಯ ಕಾಳೊಂದು ಕಂಡಿತು. ಪುಸ್ತಕದ ಚಿತ್ರಕ್ಕೆ ಹೋಲಿಸಿ ನೋಡಿ, ಲಾಡಿಹುಳುವಿನ ತತ್ತಿ ಎಂದು ಬರೆದೆ. ಆ ಹುಳು ಹೊಟ್ಟೆ ಸೇರುವುದು ಅರೆಬೆಂದ ಮಾಂಸದಿಂದ. ಅದನ್ನು ಓದಿದ ಹಿರಿಯ ವೈದ್ಯರು ಮುದುಕರನ್ನು ಕೇಳಿದರು, "ಅಜ್ಜಾರ, ಮಾಂಸ ಎಲ್ಲೆ ತಿಂದ್ರಿ?" ಮುದುಕರು ಕೊರಳಲ್ಲಿದ್ದ ಲಿಂಗವನ್ನು ಅಂಗಿಯಿಂದ ಹೊರಗೆ ತೆಗೆದು ಅಂಗೈ ಮೇಲೆ ಇಟ್ಟುಕೊಂಡರು. ವೈದ್ಯರು ಎದ್ದು ಬಂದು ತಾವೇ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಅದು ಜೋಳದ ಹೂವಿನ ಪುಡಿ. ಹೊಲದಲ್ಲಿ ಜೋಳ ಹೂ ಬಿಟ್ಟಿದ್ದ ಕಾಲ. ಮುದುಕರು ಹೊಲದಲ್ಲೇ ಕೂತು ರೊಟ್ಟಿ ತಿಂದಿದ್ದರು, ಅಷ್ಟೇ. ವೈದ್ಯರು ಅವರ ಎದುರಿಗೇ ನನಗೆ ಹೇಳಿದರು, "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬರೀಬೇಕು. ತಿಳೀತೇನು?"

ತಿಳಿಯಿತು ಎಂದುಕೊಂಡೆ. ಎರಡನೆಯ ತಪ್ಪು ಆ ಬುದ್ಧಿಮಾತನ್ನು ಪಾಲಿಸಲು ಹೋಗಿಯೇ ಆದದ್ದು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆಗ ನಾನು ರಾಯಬಾಗ ತಾಲೂಕಿನ ಒಂದು ಸರಕಾರಿ ದವಾಖಾನೆಯಲ್ಲಿದ್ದೆ. ವೈದ್ಯರು ಇನಾಮದಾರ ಎಂಬುವರು. ಒಳ್ಳೆಯವರು, ಯಾವಾಗಲೂ ಅವಸರದಲ್ಲಿರುವವರು. ಬೇಸಿಗೆಯ ಒಂದು ಬೆಳಗ್ಗೆ ಪಾಲಬಾವಿ ಕಡೆಯ ತೋಟದ ಮನೆಯಿಂದ ಗಂಗವ್ವ ಎಂಬ ಹೆಂಗಸು ತನ್ನ ಸೊಸೆಯನ್ನು ಕರೆದುಕೊಂಡು ಬಂದಳು. ಕಬ್ಬು, ದ್ರಾಕ್ಷಿ ಎರಡೂ ಇದ್ದ ಮನೆ. ಗಂಗವ್ವನ ಗಂಡ ಬಾಳಗೌಡರ ಹೆಸರು ಸುತ್ತಲಿನ ನಾಲ್ಕು ಊರಿಗೆ ಗೊತ್ತು. ಸೊಸೆಯ ಹೆಸರು ಸುಶೀಲಾ, ತವರು ಕಾಗವಾಡ. ಮದುವೆಯಾಗಿ ಮೂರು ವರ್ಷ, ಒಂದು ವರ್ಷದ ಹೆಣ್ಣು ಕೂಸು. ಇದೆಲ್ಲವನ್ನೂ ಹೇಳಿದವಳು ಗಂಗವ್ವ. ಸೊಸೆ ಹುಬ್ಬಿನ ತನಕ ಸೆರಗು ಎಳೆದುಕೊಂಡು ಬಾಗಿಲ ಬಳಿ ನಿಂತಿದ್ದಳು.

ಗಂಗವ್ವ ಸೆರಗಿನ ಮರೆಯಿಂದ ಒಂದು ಉಪ್ಪಿನಕಾಯಿ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು.

"ಸಾಹೇಬ್ರ, ಇದನ್ನ ನೋಡ್ರಿ. ನಮ್ಮ ಸೊಸಿ ಹೊಟ್ಟಿಯಿಂದ ಬಿದ್ದಾವ."

ಕಲಕಿದ ನೀರಿನಲ್ಲಿ ಐದು ಹುಳುಗಳು ಹೊರಳಾಡುತ್ತಿದ್ದವು. ಬೂದು ಮಿಶ್ರಿತ ಬಿಳಿ ಬಣ್ಣ, ಬೆರಳಿನ ಒಂದು ಗೆಣ್ಣಿನಷ್ಟು ಮೈ. ಆ ಮೈಗಿಂತ ಉದ್ದವಾದ, ದಾರದಂಥ ಬಾಲ. ಆ ಬಾಲಗಳು ಒಂದಕ್ಕೊಂದು ಸುತ್ತಿಕೊಳ್ಳುತ್ತ ಬಿಚ್ಚಿಕೊಳ್ಳುತ್ತ ಇದ್ದವು. ಹೊಟ್ಟೆಯ ಹುಳುಗಳನ್ನು ನಾನು ಸಾವಿರಗಟ್ಟಲೆ ನೋಡಿದ್ದೆ. ಬಾಲವಿದ್ದ ಹುಳುವನ್ನು ನೋಡಿರಲಿಲ್ಲ.

"ಎಷ್ಟ ದಿನದಿಂದ ಬೀಳಾಕತ್ತಾವ?" ಎಂದು ಕೇಳಿದೆ.

"ನಾಕ ದಿನಾ ಆತ್ರಿ," ಎಂದಳು ಗಂಗವ್ವ.

"ಹೊಟ್ಟಿ ಕಡಿತೈತೇನು?"

"ಹೌದ್ರಿ, ಮುರದಂಗ ಆಗತೈತಂತ. ಊಟ ಸೇರೂದಿಲ್ಲ."

ನನ್ನ ಪುಸ್ತಕದಲ್ಲಿ ಅಂಥ ಚಿತ್ರ ಇರಲಿಲ್ಲ. ತೆಲಸಂಗದ ಮುದುಕರು ನೆನಪಾದರು. ಈ ಸಲ ಊಹೆ ಮಾಡುವುದಿಲ್ಲ ಎಂದು ನಿಶ್ಚಯಿಸಿದೆ. ವರದಿಯನ್ನು ಇಂಗ್ಲಿಷಿನಲ್ಲಿ ಬರೆಯುವುದು ರೂಢಿ; ಆದರೆ ಗಂಗವ್ವ, "ಕನ್ನಡದಾಗ ಬರದ ಕೊಡ್ರಿ, ನಮ್ಮ ಗೌಡ್ರು ಓದಬೇಕು" ಎಂದಳು. ಹಾಗಾಗಿ ಅಚ್ಚ ಕನ್ನಡದಲ್ಲಿ ಎರಡು ಸಾಲು ಬರೆದೆ: "ಬಾಲವಿರುವ ಹುಳು. ಜಾತಿ ತಿಳಿದಿಲ್ಲ."

ಅಂದು ದವಾಖಾನೆಯಲ್ಲಿ ಕುಟುಂಬ ಯೋಜನೆಯ ಶಿಬಿರ. ಇನಾಮದಾರ ಡಾಕ್ಟರು ಬಾಟಲಿಯನ್ನು ನೋಡದೆ ಸಹಿ ಮಾಡಿದರು, ಹೊಟ್ಟೆಹುಳುವಿನ ಗುಳಿಗೆ ಬರೆದರು. ಬಾಟಲಿ ನನ್ನ ಬಳಿಯೇ ಉಳಿಯಿತು.

ಹತ್ತು ದಿನಗಳಾದ ಮೇಲೆ ಬಾಳಗೌಡರೇ ಬಂದರು. ಎತ್ತರದ ಆಳು, ತಲೆಯ ಮೇಲೆ ಬಿಳಿ ಗಾಂಧಿ ಟೋಪಿ. ಜೇಬಿನಿಂದ ನನ್ನ ವರದಿಯನ್ನು ಹುಷಾರಾಗಿ ಹೊರತೆಗೆದರು. ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿಟ್ಟಿದ್ದರು.

"ಸಾಹೇಬ್ರ, ಇದರ ಮ್ಯಾಲ ಒಂದ ದುಂಡನ ಶಿಕ್ಕಾ ಬೇಕಾಗಿತ್ರಿ."

"ಯಾಕ್ರಿ ಗೌಡ್ರ?"

"ನಮ್ಮ ಬೀಗರಿಗೆ ತೋರಿಸಬೇಕ್ರಿ, ಕಾಗವಾಡದಾಗ. ಗುಳಿಗಿ ಕೊಟ್ರೂ ಹುಳ ನಿಂತಿಲ್ಲ. ದೇವರಿಸಿನ್ನ ಕೇಳಿದ್ವಿ." ನಮ್ಮ ಗಡಿಭಾಗದಲ್ಲಿ ಮೈಮೇಲೆ ದೇವರು ಬಂದು ಹೇಳಿಕೆ ಕೊಡುವವನಿಗೆ ದೇವರಿಸಿ ಎನ್ನುತ್ತಾರೆ. "ಆಂವ ಅಂದಾ, ಇದು ಕರಣಿ, ಯಾರೋ ಮಾಡಿಸ್ಯಾರ. ಇಂಥಾ ಹುಳ ಭೂಮಿ ಮ್ಯಾಲಿನ ಯಾವ ಜಾತಿಗೂ ಸೇರಿದ್ದಲ್ಲ ಅಂದಾ. ನೀವೂ ಅದನ್ನ ಬರದೀರಿ ನೋಡ್ರಿ. ಸರಕಾರದವರಿಗೂ ಇದರ ಜಾತಿ ಸಿಕ್ಕಿಲ್ಲ."

ನನ್ನ ಕೈಬರಹದ ಕೆಳಗೆ ಅವರು ಬೆರಳಿಟ್ಟರು. 'ಜಾತಿ ತಿಳಿದಿಲ್ಲ' ಎಂದು ನಾನು ಬರೆದದ್ದು ನನ್ನ ಅಜ್ಞಾನದ ಬಗ್ಗೆ. ಅವರು ಓದಿಕೊಂಡದ್ದು ಹುಳುವಿನ ಬಗ್ಗೆ. ಅದು ಮಾಟದ್ದು ಎನ್ನಲು ಅವರ ಕೈಯಲ್ಲಿದ್ದ ಲಿಖಿತ ಸಾಕ್ಷಿ ಅದೊಂದೇ.

"ಈಗ ಅವರನ್ನ ಏನ ಮಾಡತೀರಿ?" ಎಂದು ಕೇಳಿದೆ.

"ಅಮಾಸಿ ಆದ ಮ್ಯಾಲ ತವರಿಗೆ ಬಿಟ್ಟ ಬರೂದು. ಕೂಸು ನಮ್ಮಲ್ಲೇ ಇರತೈತಿ. ಈಗರ ಏನ, ಆಕಿ ಕೈಯಾಗ ಕೂಸಿನ್ನ ಕೊಡೂದ ಬಿಟ್ಟೇವಿ. ಅಡಗಿ ಮನ್ಯಾಗೂ ಬರಗೊಡೂದಿಲ್ಲ."

ಇದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಕಬ್ಬಿಗೆ ನೀರು ಬಿಡುವ ಸರತಿಯ ಬಗ್ಗೆ ಹೇಳುವ ಹಾಗೆ ಹೇಳಿದರು. ಅಮಾವಾಸ್ಯೆಗೆ ಒಂಬತ್ತು ದಿನ ಇತ್ತು. ಶಿಕ್ಕಾ ಹೊಡೆಯಲು ಎಂಟು ದಿನ ಬೇಕು, ಕಾಗದ ಇಲ್ಲೇ ಬಿಟ್ಟು ಹೋಗಿರಿ ಎಂದೆ. ಅದು ಸುಳ್ಳು. ದವಾಖಾನೆಯ ಮೊಹರು ನನ್ನ ಮೇಜಿನ ಖಾನೆಯಲ್ಲೇ ಇತ್ತು.

ಮರುದಿನ ರಜೆ ಹಾಕಿ, ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಚಿಕ್ಕೋಡಿ ಬಸ್ಸು ಹತ್ತಿದೆ. ಅಲ್ಲಿನ ಕಾಲೇಜೊಂದರಲ್ಲಿ ಪದ್ಮಾವತಿ ಮೇಡಂ ಎಂಬುವರು ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಹಿಂದೆ ಒಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಮಲೇರಿಯಾದ ಸ್ಲೈಡು ನೋಡಲು ನಮ್ಮಲ್ಲಿಗೆ ಬಂದಿದ್ದರು, ಅಷ್ಟೇ ಪರಿಚಯ. ಅವರು ಬಾಟಲಿಯನ್ನು ಬಿಳಿ ಪಿಂಗಾಣಿ ತಟ್ಟೆಗೆ ಸುರಿದರು. ಮೂರು ಇನ್ನೂ ಜೀವಂತ ಇದ್ದವು.

"ಇದನ್ನ ಹುಳ ಅಂತ ಯಾರಂದ್ರು?"

"ನಾನ ಬರದೇನ್ರಿ."

"ಹುಳ ಅಲ್ರಿ ಯಶವಂತರ. ನೊಣದ ಮರಿ ಇದು. ಇನ್ನ ಇದಕ್ಕ ಬಾಲ ಅಂತೀರಲ್ಲ, ಮೂಗು ಅನ್ರಿ. ಇಲ್ಲೆ ನೋಡ್ರಿ."

ತಟ್ಟೆಗೆ ಒಂದು ಲೋಟದಿಂದ ನಿಧಾನವಾಗಿ ನೀರು ಹಾಕುತ್ತ ಹೋದರು. ನೀರು ಏರಿದಂತೆ ಬಾಲವೂ ಉದ್ದವಾಯಿತು. ಮೈ ತಳದಲ್ಲೇ ಇತ್ತು, ಬಾಲದ ತುದಿ ಮಾತ್ರ ನೀರಿನ ಮೇಲ್ಮೈಯನ್ನು ಹಿಡಿದುಕೊಂಡಿತ್ತು. ಕೊಳಚೆ ನೀರಿನ ತಳದಲ್ಲಿ ಕೂತು ಮೇಲಿನ ಗಾಳಿಯನ್ನು ಎಳೆದುಕೊಳ್ಳುವ ಕೊಳವೆ ಅದು. ನಾನು ಕತ್ತೆತ್ತಿ ಅವರ ಮುಖ ನೋಡಿದೆ. ಹನ್ನೊಂದು ದಿನ ಅದು ನನ್ನ ಮೇಜಿನ ಮೇಲಿತ್ತು. ನಾನು ಒಂದು ಲೋಟ ನೀರು ಹಾಕಿ ನೋಡಿರಲಿಲ್ಲ.

ಅವರು ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಒಂದೇ ಪದ ಬರೆದು ಕೊಟ್ಟರು: ಸಿರ್ಫಿಡೀ.

"ಇದರ ಹೆಸರೇನ್ರಿ ಇದು?"

"ಇದರ ಹೆಸರಲ್ಲ, ಇದರ ಮನೆತನದ ಹೆಸರು. ಪ್ರಾಣಿಗಳ ಕುಟುಂಬದ ಹೆಸರೆಲ್ಲ ಹಿಂಗ 'ಇಡೀ' ಅಂತ ಮುಗೀತಾವ. ಮೊದಲನೇ ಅಕ್ಷರ ದೊಡ್ಡದು ಬರೀರಿ. ಕೆಳಗ ಗೆರಿ ಎಳೀಬ್ಯಾಡ್ರಿ. ಗೆರಿ ಎಳೆಯೂದು ಕುಲದ ಹೆಸರು, ಜಾತಿಯ ಹೆಸರು ಗೊತ್ತಾದಾಗ. ಮಾತಾಡುಮುಂದ ಸಿರ್ಫಿಡ್ ಅಂದ್ರ ಸಾಕು, ಆವಾಗ ಸಣ್ಣ ಅಕ್ಷರ ನಡೀತೈತಿ. ಹೂವಿನ ಮ್ಯಾಲ ಗಾಳಿಯೊಳಗ ಒಂದ ಜಾಗಾದಾಗ ನಿಂತಬಿಡತಾವ ನೋಡ್ರಿ ಜೇನಿನಂಥಾ ನೊಣ, ಅವು."

"ಹಂಗಾರ ಜಾತಿ ಯಾವುದ್ರಿ?"

"ಮರಿ ನೋಡಿ ನಾನು ಹೇಳೂದಿಲ್ಲ. ನೊಣ ಹೊರಗ ಬರಲಿ, ಆಮ್ಯಾಲ ನೋಡೂಣು. ಈಗ ನಮಗ ಗೊತ್ತಿರೂದು ಮನೆತನ ಅಷ್ಟ. ಅಷ್ಟನ್ನ ಬರೀರಿ. ಅದಕ್ಕಿಂತ ಹೆಚ್ಚೂ ಬ್ಯಾಡ, ಕಡಿಮಿನೂ ಬ್ಯಾಡ."

ಕಡಿಮೆಯೂ ಬೇಡ ಎಂದದ್ದು ನನಗೆ ತಾಗಿತು. ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಸುಶೀಲಾಳ ಸಂಗತಿ ಹೇಳಿದೆ. ಮೇಡಂ ಲೋಟವನ್ನು ಕೆಳಗಿಟ್ಟರು.

"ಇವು ಆಕಿ ಹೊಟ್ಟಿಯಿಂದ ಬಿದ್ದದ್ದನ್ನ ಯಾರು ನೋಡ್ಯಾರ?"

"ಅವರ ಅತ್ತಿ ಹೇಳ್ಯಾರ್ರಿ," ಎಂದೆ.

"ಮನಷ್ಯಾರ ಹೊಟ್ಟಿಯೊಳಗ ಹೋಗೂದ ಇಲ್ಲ ಅಂತ ನಾನು ಅನ್ನೂದಿಲ್ಲ. ಅಪರೂಪಕ್ಕ ಹೋದದ್ದು ಪುಸ್ತಕದಾಗ ಐತಿ. ಆದ್ರ ನೂರಕ್ಕ ತೊಂಬತ್ತೊಂಬತ್ತು ಅವು ಹೊರಗಿನ್ವ ಇರತಾವ. ಹೋಗಿ ನೋಡ್ರಿ."

ದವಾಖಾನೆಗೆ ಮರಳಿ ಚೀಟಿಯನ್ನು ಇನಾಮದಾರ ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಬರುವ ಮೊದಲೇ ಕಂಪೌಂಡರ್ ಅದನ್ನು ನೋಡಿ, ಔಷಧದ ಕಪಾಟನ್ನೆಲ್ಲ ಹುಡುಕಿ ಬಂದು, "ಈ ಸಿರಪ್ ನಮ್ಮಲ್ಲಿ ಬಂದಿಲ್ರಿ, ಬೆಳಗಾವಿಗೆ ಬರಿಯೂಣೇನ್ರಿ?" ಎಂದು ಕೇಳಿದ. ಡಾಕ್ಟರು ನಕ್ಕರು. ಆಮೇಲೆ ಪೂರ್ತಿ ಕೇಳಿಸಿಕೊಂಡು ನಗು ನಿಲ್ಲಿಸಿದರು. "ಸಹಿ ನಂದೂ ಐತಿ ಆ ಕಾಗದದ ಮ್ಯಾಲ," ಎಂದರು. "ನೀ ನಾಳೆನ ಹೋಗು. ಏನ ಕಂಡ್ತು ಬಂದ ಹೇಳು. ಬೇಕಾದ್ರ ನಾನೂ ಬರತೀನಿ."

ಮರುದಿನ ಸೈಕಲ್ ಮೇಲೆ ಹೋದೆ. ತೋಟದ ಮನೆ ದೊಡ್ಡದು, ಮುಂದೆ ಕಲ್ಲು ಹಾಸಿದ ಅಂಗಳ. ದವಾಖಾನೆಯಲ್ಲಿ ನನ್ನನ್ನು 'ಸಾಹೇಬ್ರ' ಎಂದಿದ್ದ ಬಾಳಗೌಡರು ತಮ್ಮ ಅಂಗಳದಲ್ಲಿ ನನ್ನ ಊರು, ಅಪ್ಪನ ಹೆಸರು ಕೇಳಿದರು. ನಿಪ್ಪಾಣಿ ಎಂದೆ, ಅಪ್ಪ ತಂಬಾಕಿನ ವಖಾರದಲ್ಲಿ ಕೂಲಿ ಮಾಡುತ್ತಿದ್ದರೆಂದೆ, ನಾವು ಬೌದ್ಧರು ಎಂದೂ ಹೇಳಿದೆ. ಅಲ್ಲಿಂದ ಮುಂದೆ ಅವರ ಬಾಯಲ್ಲಿ ನಾನು 'ನೀ' ಆದೆ. ಕೂರಲು ಹೇಳಿದ್ದು ಹೊರಗಿನ ಕಟ್ಟೆಯ ಮೇಲೆ. ಇದು ನನಗೆ ಹೊಸದಲ್ಲ. ನಾನು ಬಂದದ್ದು ಬೇರೆ ಕೆಲಸಕ್ಕೆ.

"ನಿಮ್ಮ ಸಂಡಾಸ ತೋರಸ್ರಿ," ಎಂದೆ.

ಆ ಮನೆಗೆ ಸಂಡಾಸ ಕಟ್ಟಿಸಿ ಒಂದೇ ವರ್ಷವಾಗಿತ್ತು. ಗಂಡಸರೂ ಗಂಗವ್ವನೂ ಮೊದಲಿನಂತೆ ಕಬ್ಬಿನ ಗದ್ದೆಯ ಕಡೆಗೇ ಹೋಗುತ್ತಿದ್ದರು. ಬಾಣಂತನ ಮುಗಿಸಿಕೊಂಡು ಬಂದ ಸುಶೀಲಾ ಮಾತ್ರ ಅದನ್ನು ಬಳಸುತ್ತಿದ್ದಳು. ಗುಂಡಿಯ ಮುಚ್ಚಳದ ಕಲ್ಲು ಒಡೆದು ಒಂದು ಕೈ ಅಗಲ ಬಾಯಿ ಬಿಟ್ಟಿತ್ತು. ಬಚ್ಚಲಿನ ನೀರೂ ಅಲ್ಲಿಗೇ ಬಂದು ತುಂಬಿ ನಿಂತಿತ್ತು. ಅದನ್ನು ಸರಿಪಡಿಸಲು ನಮ್ಮಂಥ ದಲಿತರಲ್ಲಿ ಯಾರಾದರೂ ಬಂದಾರು ಎಂದು ಮನೆಯವರು ಕಾಯುತ್ತಿದ್ದರು, ಯಾರೂ ಬಂದಿರಲಿಲ್ಲ. ನಾನೇ ಒಂದು ಹಾರೆ ಇಸಿದುಕೊಂಡು ಕಲ್ಲನ್ನು ಸರಿಸಿದೆ.

ನೀರಿನ ಮೇಲೆಲ್ಲ ಸಣ್ಣ ಸಣ್ಣ ತುದಿಗಳು. ಕೋಲಿನಿಂದ ಕಲಕಿದಾಗ ಡಜನ್ನುಗಟ್ಟಲೆ ಮೇಲೆ ಬಂದವು, ಅದೇ ಬೂದು ಮೈ, ಅದೇ ಬಾಲ. ಕೆಲವು ಪೈಪಿನೊಳಗಿಂದ ತೆವಳಿ ಕೂರುವ ಜಾಗದ ತನಕ ಬಂದಿದ್ದವು. ದೊಡ್ಡದಾದ ಮೇಲೆ ಇವು ಒಣ ಜಾಗ ಹುಡುಕಿಕೊಂಡು ನೀರಿನಿಂದ ಹೊರಗೆ ಬರುತ್ತವೆ ಎಂದು ಮೇಡಂ ಹೇಳಿದ್ದರು.

"ನೋಡ್ರಿ ಗೌಡ್ರ. ಇವು ಹೊಟ್ಟಿಯೊಳಗಿನ್ವಲ್ಲ. ಗುಂಡ್ಯಾಗ ಹುಟ್ಟಿ ಮ್ಯಾಲ ಬಂದಾವ. ನೊಣದ ಮರಿ ಇವು."

ಬಾಳಗೌಡರು ಬಗ್ಗಿ ನೋಡಿದರು. ಅವರ ಹಿಂದೆ ಗಂಗವ್ವ ನಿಂತಿದ್ದಳು. ಅವಳು ಹೇಳಿದ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ.

"ಗುಂಡ್ಯಾಗ ಇರಲಾರದ ಎಲ್ಲಿರತಾವ? ಆಕಿ ಹೊಟ್ಟಿಯಿಂದ ಬಿದ್ದದ್ದು ಗುಂಡ್ಯಾಗ ಬೀಳತೈತಿ. ಅಲ್ಲೆ ಬೆಳದಾವ."

ತರ್ಕದಲ್ಲಿ ತಪ್ಪೇನೂ ಇರಲಿಲ್ಲ. ಕೋಳಿ ಮೊದಲೋ ತತ್ತಿ ಮೊದಲೋ ಎನ್ನುವಂತೆ ನಾನು ಹಾರೆ ಹಿಡಿದು ನಿಂತುಬಿಟ್ಟೆ. ಬಾಳಗೌಡರು ಹೆಂಡತಿಯ ಮುಖ ನೋಡಿ, ನನ್ನ ಮುಖ ನೋಡಿ, "ಹೌದಲ್ಲೋ, ಅದಕ್ಕೇನಂತಿ?" ಎಂದರು.

ಆಗ ಹಿತ್ತಲ ಬಾಗಿಲಿನಿಂದ ಮಾತು ಬಂತು. ಸುಶೀಲಾ. ಅವಳ ದನಿಯನ್ನು ನಾನು ಮೊದಲ ಸಲ ಕೇಳಿದ್ದು ಆಗಲೇ. ಕಾಗವಾಡದ ಕನ್ನಡ, ಅದರಲ್ಲಿ ಅರ್ಧ ಮರಾಠಿಯ ಎಳೆತ.

"ದನದ ಕೊಟ್ಟಿಗಿ ಹಿಂದಿನ ಗಂಜಲದ ಗುಂಡಿಯೊಳಗೂ ಅದಾವ್ರಿ."

ಎಲ್ಲರೂ ತಿರುಗಿ ನೋಡಿದೆವು.

"ಯಾವಾಗ ನೋಡೀಯವಾ?" ಎಂದು ಕೇಳಿದೆ.

"ಲಗ್ನಾಗಿ ಬಂದಾಗಿಂದ ನೋಡೇನ್ರಿ. ದಿನಾ ಶಗಣಿ ಬಳದು ಅಲ್ಲೆ ಚೆಲ್ಲಾಕಿ ನಾನ ಅದೇನಲ್ರಿ. ಆವಾಗ ಈ ಸಂಡಾಸ ಎಲ್ಲಿತ್ತು?"

ಕೊಟ್ಟಿಗೆಯ ಹಿಂದೆ ಹೋದೆವು. ಗುಂಡಿಯ ಮೇಲೆ ಕಬ್ಬಿನ ಸೋಗೆ ಹೊದಿಸಿತ್ತು. ಸುಶೀಲಾ ಮುಂದೆ ಬಂದು ಸೋಗೆಯನ್ನು ಕಾಲಿನಿಂದ ಬದಿಗೆ ಸರಿಸಿದಳು. ಕಪ್ಪು ನೀರಿನಲ್ಲಿ ಸಂಡಾಸದ ಗುಂಡಿಗಿಂತ ಹೆಚ್ಚು ಬಾಲಗಳು ಆಡುತ್ತಿದ್ದವು. ಅವಳು ಸೆರಗನ್ನು ಹಿಂದಕ್ಕೆ ತಳ್ಳಿ ಅತ್ತೆಯನ್ನು ನೇರವಾಗಿ ನೋಡಿದಳು.

"ಅತ್ತಿ, ಎಮ್ಮಿಗೂ ಕರಣಿ ಮಾಡ್ಯಾರೇನ್ರಿ?"

ಆ ಮನೆಯಲ್ಲಿ ಮೂವತ್ತು ವರ್ಷ ದನ ಕಟ್ಟಿದ ಗಂಗವ್ವ ಆ ಮರಿಗಳನ್ನು ಹಿಂದೆ ನೋಡಿರಲಿಲ್ಲವೋ, ನೋಡಿದ್ದೂ ಸುಮ್ಮನಿದ್ದಳೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ. ಅದು ನನ್ನ ಕೆಲಸದ ಹೊರಗಿನದು ಎಂದುಕೊಂಡೆ. ಬಾಳಗೌಡರು ಬಹಳ ಹೊತ್ತು ಗುಂಡಿಯನ್ನೇ ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡರು.

ಸುಶೀಲಾಳಿಗೆ ತೊಳೆದು ಕುದಿಸಿದ ಬಾಟಲಿ ಕೊಟ್ಟೆ; ಮಾದರಿಯನ್ನು ನೇರವಾಗಿ ಅದರಲ್ಲೇ ತೆಗೆದುಕೊಳ್ಳಬೇಕು, ಬೇರೆ ಯಾರೂ ಮುಟ್ಟಬಾರದು ಎಂದು ಹೇಳಿದೆ. ಮೂರು ದಿನ ಮೂರು ಮಾದರಿ ಬಂದವು. ಒಂದರಲ್ಲೂ ಬಾಲದ ಮರಿ ಇರಲಿಲ್ಲ. ಇದ್ದದ್ದು ಅಮೀಬಾ, ನಮ್ಮ ತಾಲೂಕಿನ ಬಾವಿ ನೀರು ಕುಡಿಯುವವರಲ್ಲಿ ಎಲ್ಲರಿಗೂ ಬಂದು ಹೋಗುವ ಕಾಯಿಲೆ. ಇನಾಮದಾರ ಡಾಕ್ಟರು ಅದಕ್ಕೆ ಔಷಧ ಕೊಟ್ಟರು. ಮುರಿತ ವಾರದೊಳಗೆ ನಿಂತಿತು.

ಉಳಿದದ್ದು ಕಾಗದ. ಹಳೆಯ ವರದಿಯನ್ನು ಹರಿದುಹಾಕಿ, ರಿಜಿಸ್ಟರಿನ ಸಾಲನ್ನು ಬ್ಲೇಡಿನಿಂದ ಕೆರೆದು ತೆಗೆಯುವ ಮನಸ್ಸು ನನಗಿತ್ತು. ಡಾಕ್ಟರು ಬಿಡಲಿಲ್ಲ. "ಒಂದ ಗೆರಿ ಎಳಿ, ಮೊದಲ ಬರದದ್ದು ಓದಾಕ ಬರಬೇಕು. ಮಗ್ಗಲಕ್ಕ ಖರೇದ್ದು ಬರದು ಸಹಿ ಮಾಡು. ನಾನೂ ಮಾಡತೀನಿ." ಈಗಲೂ ಹೊಸಬರಿಗೆ ನಾನು ಹೇಳುವುದು ಇದನ್ನೇ. ಹೊಸ ವರದಿಯಲ್ಲಿ ಹೀಗೆ ಬರೆದೆ: "ಇವು ಸಿರ್ಫಿಡೀ ಕುಟುಂಬಕ್ಕೆ ಸೇರಿದ ನೊಣದ ಮರಿಗಳು. ಕೊಳಚೆ ನೀರಿನಲ್ಲಿ ಬೆಳೆಯುತ್ತವೆ. ಮನೆಯ ಸಂಡಾಸದ ಗುಂಡಿಯಲ್ಲೂ ದನದ ಗಂಜಲದ ಗುಂಡಿಯಲ್ಲೂ ಕಂಡುಬಂದಿವೆ. ರೋಗಿಯ ಮಲದ ಮೂರು ಮಾದರಿಗಳಲ್ಲಿ ಕಂಡುಬಂದಿಲ್ಲ."

ಅಮಾವಾಸ್ಯೆಯ ಹಿಂದಿನ ದಿನ ಬಾಳಗೌಡರು ಅದನ್ನು ಒಯ್ಯಲು ಬಂದರು. ಓದಿ, ಒಂದು ಪದದ ಮೇಲೆ ನಿಂತರು.

"ಸಿರ್ಫಿಡೀ," ಎಂದು ಮೂರು ಸಲ ಹೇಳಿಕೊಂಡರು. "ಇದು ಎಲ್ಲಿ ಭಾಷಾನೋ?"

"ಗ್ರೀಕ್ ಅಂತ. ಜಗತ್ತಿನಾಗ ಎಲ್ಲಾ ಕಡಿ ಇದನ್ನ ಹಿಂಗ ಅಂತಾರ."

"ಎಲ್ಲಾ ಕಡಿ?"

"ಎಲ್ಲಾ ಕಡಿ."

ಅದು ಅವರಿಗೆ ಹಿಡಿಸಿತು. ಮೇಡಂ ಆ ಪದವನ್ನು ಕೊಟ್ಟದ್ದು ನಮಗೆ ಇಷ್ಟೇ ಗೊತ್ತು ಎನ್ನುವುದಕ್ಕೆ. ಗೌಡರು ಅದನ್ನು ದೇವರಿಸಿಯ ಬಾಯಿ ಮುಚ್ಚಿಸಬಲ್ಲ ದೊಡ್ಡ ಮಂತ್ರದಂತೆ ಒಯ್ದರು. ನಾನು ತಿದ್ದಲು ಹೋಗಲಿಲ್ಲ. ದುಂಡು ಶಿಕ್ಕಾ ಎರಡು ಕಡೆ ಹೊಡೆದು ಕೊಟ್ಟೆ.

ಸುಶೀಲಾಳನ್ನು ಅವರು ತವರಿಗೆ ಬಿಟ್ಟು ಬರಲಿಲ್ಲ. ಅವಳೇ ಹೋದಳು. ಅಡುಗೆ ಮನೆಗೆ ಬಾ ಎಂದು ಕರೆದ ದಿನವೇ ಕೂಸನ್ನು ಎತ್ತಿಕೊಂಡು, ಗಂಡ ಸಿದಗೌಡನಿಗೆ ಹೇಳಿ, ಕಾಗವಾಡದ ದಾರಿ ಹಿಡಿದಳಂತೆ. ಹೇಳಿದವರು ಇನಾಮದಾರ ಡಾಕ್ಟರು. ಗೌಡರು ಅವರ ಬಳಿ ಬಂದು, ಈಗ ಏನು ಮಾಡುವುದೆಂದು ಕೇಳಿದ್ದರು. ಸಂಡಾಸದ ಮುಚ್ಚಳ ಹಾಕಿಸಿರಿ ಎಂದು ಡಾಕ್ಟರು ಹೇಳಿ ಕಳಿಸಿದರು. ಸಿದಗೌಡ ಕಾಗವಾಡಕ್ಕೆ ಎರಡು ಸಲ ಹೋದ. ಮೊದಲನೆಯ ಸಲ ಒಬ್ಬನೇ ಬಂದ. ಎರಡನೆಯ ಸಲ, ದೀಪಾವಳಿ ಆದ ಮೇಲೆ, ಹೆಂಡತಿ ಮಗಳೊಂದಿಗೆ ಬಂದ. ಅವಳು ಹಾಕಿದ ಕರಾರು ಒಂದೇ: ಇನ್ನು ಮೇಲೆ ಮನೆಯವರೆಲ್ಲ ಆ ಸಂಡಾಸವನ್ನೇ ಬಳಸಬೇಕು, ಅತ್ತೆಯನ್ನೂ ಸೇರಿಸಿ.

ಅಷ್ಟರಲ್ಲಿ ನನ್ನ ಕಿಟಕಿಯ ಬಳಿ ಇನ್ನೊಂದು ಕೆಲಸ ನಡೆದಿತ್ತು. ಗಂಜಲದ ಗುಂಡಿಯಿಂದ ತಂದ ನಾಲ್ಕು ಮರಿಗಳನ್ನು ಹಸಿ ಮಣ್ಣು ಹಾಕಿದ ಗಾಜಿನ ಭರಣಿಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿದ್ದೆ. ಅವು ಮಣ್ಣಿನಲ್ಲಿ ಹೊಕ್ಕು ಗಟ್ಟಿಯಾದವು. ಎರಡು ವಾರದ ಮೇಲೆ ಒಂದು ಬೆಳಗ್ಗೆ ಬಟ್ಟೆಯ ಕೆಳಗೆ ಕಂದು ಬಣ್ಣದ, ದಪ್ಪ ಕಣ್ಣಿನ ನೊಣವೊಂದು ಕೂತಿತ್ತು. ಡಾಕ್ಟರು ನೋಡಿ, "ಜೇನ ಐತಲ್ಲೋ ಇದು!" ಎಂದು ಹಿಂದೆ ಸರಿದರು. ರೆಕ್ಕೆ ಎಣಿಸಿ ತೋರಿಸಿದೆ: ಜೇನಿಗೆ ಎರಡು ಜೋಡಿ, ಇದಕ್ಕೆ ಒಂದೇ. ಮೇಡಂ ಅದನ್ನು ನೋಡಿ ಕುಲದ ಹೆಸರು ಹೇಳಿದರು, ಎರಿಸ್ಟಾಲಿಸ್. ಆಗ ರಿಜಿಸ್ಟರಿನಲ್ಲಿ ಆ ಹೆಸರು ಬರೆದು ಕೆಳಗೆ ಗೆರೆ ಎಳೆದೆ. ಜಾತಿಯ ಹೆಸರು ಹೇಳಲು ಇನ್ನೂ ತಿಳಿದವರಿಗೆ ಕಳಿಸಬೇಕು ಎಂದರು. ನಾನು ಕಳಿಸಲಿಲ್ಲ. ಆ ಜಾಗ ಖಾಲಿ ಉಳಿಯಿತು.

ಆ ಪದ ನನ್ನನ್ನು ಮತ್ತೆ ಹಿಡಿದದ್ದು ತೊಂಬತ್ತರ ದಶಕದಲ್ಲಿ, ಚಿಕ್ಕೋಡಿಯ ಒಂದು ಸಭೆಯಲ್ಲಿ. ಎಲ್ಲ ಇಲಾಖೆಯವರೂ ಇದ್ದರು. ಕೃಷಿ ಇಲಾಖೆಯ ಒಬ್ಬರು ಎದ್ದು, ನಿಪ್ಪಾಣಿ ಕಡೆ ಎಲೆಯ ರಸ ಹೀರುವ ತಂಬಾಕಿನ ಹೇನು ಹೆಚ್ಚಾಗಿದೆ, ಆ ಹೇನನ್ನು ಸಿರ್ಫಿಡ್ ಮರಿಗಳು ತಿನ್ನುತ್ತವೆ, ಆದ್ದರಿಂದ ರೈತರು ಕಂಡಕಂಡಲ್ಲಿ ಔಷಧ ಹೊಡೆದು ಸಿರ್ಫಿಡ್ಡುಗಳನ್ನು ಕೊಲ್ಲಬಾರದು ಎಂದರು. ನಮ್ಮ ಇಲಾಖೆಯ ಆರೋಗ್ಯ ನಿರೀಕ್ಷಕರು ಕೂಡಲೇ ಎದ್ದರು. ಪಾಲಬಾವಿಯ ಪ್ರಕರಣ ಅವರ ಕಿವಿಗೂ ಬಿದ್ದಿತ್ತು.

"ಅದ ಹೆಂಗ್ರಿ? ಸಿರ್ಫಿಡ್ ಅಂದ್ರ ಗಟಾರದ ಹುಳ. ನಾವು ಎಣ್ಣಿ ಹೊಡದು ಕೊಲ್ಲಾಕತ್ತೇವಿ, ನೀವು ಜ್ವಾಪಾನ ಮಾಡ್ರಿ ಅಂತೀರಿ!"

"ನಮ್ಮ ಸಿರ್ಫಿಡ್ ಎಲಿ ಮ್ಯಾಲ ಇರತೈತ್ರಿ, ಹಸರ ಬಣ್ಣದ್ದು."

"ಸುಳ್ಳ. ನಮ್ಮದು ಬೂದ ಬಣ್ಣದ್ದು, ಬಾಲ ಐತಿ."

ಇಬ್ಬರೂ ತಮ್ಮ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದರು. ಮಾತು ಏರಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಕೈ ಎತ್ತಿದೆ. ಸಭೆಯಲ್ಲಿ ನಾನು ಮಾತಾಡಿದ್ದು ಅದೇ ಮೊದಲು.

"ಅದು ಒಬ್ಬರ ಹೆಸರಲ್ರಿ, ಮನೆತನದ ಹೆಸರು. ಒಂದ ಮನೆತನದಾಗ ಒಬ್ಬ ಹೊಲದಾಗ ದುಡೀತಾನ, ಇನ್ನೊಬ್ಬ ಗಟಾರದಾಗ ಬೀಳತಾನ. ಇಬ್ಬರೂ ದೊಡ್ಡವರಾದ ಮ್ಯಾಲ ಹೂವಿನ ಮ್ಯಾಲ ಕುಂದರತಾರ. ಯಾರನ್ನ ಕೊಲ್ಲೂದು ಅಂತ ಹೇಳೂ ಮೊದಲ, ಯಾವ ಮರಿ, ಎಲ್ಲೆ ಸಿಕ್ಕಿತು, ಅಷ್ಟು ಹೇಳ್ರಿ. ಬರೇ ಸಿರ್ಫಿಡ್ ಅಂದ್ರ ಸಾಲೂದಿಲ್ಲ."

ಜನ ನಕ್ಕರು. ಕೃಷಿಯವರೂ ನಿರೀಕ್ಷಕರೂ ಆಮೇಲೆ ಒಟ್ಟಿಗೆ ಕೂತು ಚಹಾ ಕುಡಿದರು. ಕರಪತ್ರದಲ್ಲಿ 'ಎಲೆಯ ಮೇಲಿನ ಹಸಿರು ಸಿರ್ಫಿಡ್ ಮರಿ' ಎಂದು ಅಚ್ಚಾಯಿತು. ನನ್ನ ಮಟ್ಟಿಗೆ ಅದು ಒಳ್ಳೆಯ ಕೆಲಸ.

ಆ ಸಭೆಗೆ ಮೊದಲೇ, ಸುಶೀಲಾ ಮರಳಿದ ಮುಂದಿನ ವರ್ಷವೇ, ಅತ್ತೆ ಸೊಸೆ ಇಬ್ಬರೂ ಮತ್ತೊಮ್ಮೆ ನನ್ನ ಕೋಣೆಗೆ ಬಂದಿದ್ದರು. ಅದನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಸುಶೀಲಾ ಮತ್ತೆ ಬಸುರಿ, ರಕ್ತ ಪರೀಕ್ಷೆಗೆ ಡಾಕ್ಟರು ಬರೆದಿದ್ದರು. ಹೆಣ್ಣು ಕೂಸು ಅಜ್ಜಿಯ ಸೊಂಟದ ಮೇಲಿತ್ತು. ಗಂಗವ್ವ ಎಂದಿನಂತೆ ಮುಂದೆ ಬಂದು ಚೀಟಿ ಕೊಟ್ಟಳು. ಅವಳು ಹಿಂದಿನದೇನೂ ನಡೆದೇ ಇಲ್ಲ ಎಂಬಂತೆ ಇದ್ದಳು, ನಾನೂ ಹಾಗೆಯೇ ಇದ್ದೆ. ನಾನು ರಿಜಿಸ್ಟರು ಬಿಡಿಸಿ, ಪೆನ್ನು ಹಿಡಿದು, ಗಂಗವ್ವನ ಕಡೆ ತಿರುಗಿ ಕೇಳಿದೆ, "ಎಷ್ಟ ತಿಂಗಳಾಗ್ಯಾವ? ತಲಿ ತಿರಗತೈತೇನು ಇವರಿಗೆ? ಊಟ ಸೇರತೈತೋ?"

ಗಂಗವ್ವ ಬಾಯಿ ತೆರೆಯುವಷ್ಟರಲ್ಲಿ ಸುಶೀಲಾ ಕುರ್ಚಿ ಎಳೆದುಕೊಂಡು ನನ್ನ ಎದುರಿಗೇ ಕೂತಳು. ರಕ್ತ ಕೊಡಲು ಎಡಗೈ ಮೇಜಿನ ಮೇಲೆ ಚಾಚಿದಳು.

"ನನಗ ಕೇಳ್ರಿ ಸಾಹೇಬ್ರ," ಎಂದಳು. "ಹೊಟ್ಟಿ ನಂದೈತಿ."

ನಾನು ಪೆನ್ನು ಕೆಳಗಿಟ್ಟೆ. ಅವಳ ಕಡೆ ತಿರುಗಿ ಕೂತು ಮೊದಲಿನಿಂದ ಕೇಳಿದೆ.